1824ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ: ಜಾಕ್ಸನ್‌ಗೆ ನಿಜವಾಗಿಯೂ ಮೋಸವಾಯಿತೇ?

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಅಮೆರಿಕದ 1824ರ ಚುನಾವಣೆಯ ಭಾಗ ಬಂದಾಗಲೆಲ್ಲ ‘ಹೆಚ್ಚು ಮತ ಪಡೆದ ಜಾಕ್ಸನ್‌ಗೆ ಮೋಸವಾಯಿತು, ಒಳ ಒಪ್ಪಂದದಿಂದ ಆಡಮ್ಸ್ ಅಧ್ಯಕ್ಷರಾದರು’ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಈಗ ಬಿಡುವಾಗಿ ಕೂತು ಆ ಕಾಲದ ಪತ್ರಗಳನ್ನೂ ದಿನಚರಿಗಳನ್ನೂ ಓದುತ್ತಿರುವಾಗ ಆ ವಾಕ್ಯ ನನಗೇ ಒಪ್ಪಿಗೆಯಾಗುತ್ತಿಲ್ಲ. ಆದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಡೆದದ್ದು ಇಷ್ಟು. ಕಣದಲ್ಲಿ ನಾಲ್ವರಿದ್ದರು: ನ್ಯೂ ಆರ್ಲಿಯನ್ಸ್ ಕಾಳಗದಲ್ಲಿ ಬ್ರಿಟಿಷರನ್ನು ಸೋಲಿಸಿ ಮನೆಮಾತಾಗಿದ್ದ ಟೆನ್ನೆಸ್ಸೀಯ ಆಂಡ್ರೂ ಜಾಕ್ಸನ್, ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್, ಖಜಾನೆ ಕಾರ್ಯದರ್ಶಿ ವಿಲಿಯಂ ಕ್ರಾಫರ್ಡ್ ಮತ್ತು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ, ಅಂದರೆ ಪ್ರತಿನಿಧಿ ಸಭೆಯ ಸ್ಪೀಕರ್ ಹೆನ್ರಿ ಕ್ಲೇ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ನೇಮಿಸುವ ಮತದಾರ ಮಂಡಳಿಯ 261 ಮತಗಳಲ್ಲಿ ಜಾಕ್ಸನ್‌ಗೆ 99, ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಕ್ಲೇಗೆ 37 ಬಂದವು. ಗೆಲ್ಲಲು 131 ಬೇಕಿತ್ತು, ಯಾರಿಗೂ ಬರಲಿಲ್ಲ. ಹೀಗಾದಾಗ ಮೊದಲ ಮೂವರ ಹೆಸರು ಪ್ರತಿನಿಧಿ ಸಭೆಗೆ ಹೋಗಬೇಕು, ಅಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ ಎಂದು 1804ರ ಹನ್ನೆರಡನೆಯ ತಿದ್ದುಪಡಿ ಹೇಳುತ್ತದೆ. ನಾಲ್ಕನೆಯ ಸ್ಥಾನಕ್ಕಿಳಿದ ಕ್ಲೇ ಸ್ಪರ್ಧೆಯಿಂದ ಹೊರಬಿದ್ದರು. ಆದರೆ ಆ ಸಭೆಯ ಮೇಲೆ ಅವರಿಗಿದ್ದ ಹಿಡಿತ ಬೇರಾರಿಗೂ ಇರಲಿಲ್ಲ. 1825ರ ಜನವರಿ 9ರ ಸಂಜೆ ಅವರು ಆಡಮ್ಸ್ ಮನೆಗೆ ಹೋಗಿ ಬಹಳ ಹೊತ್ತು ಮಾತನಾಡಿದರು. ಫೆಬ್ರವರಿ 9ರಂದು ಮೊದಲ ಸುತ್ತಿನಲ್ಲೇ ಆಡಮ್ಸ್ 13 ರಾಜ್ಯಗಳನ್ನು ಪಡೆದು ಆಯ್ಕೆಯಾದರು. ಜಾಕ್ಸನ್‌ಗೆ ಏಳು, ಕ್ರಾಫರ್ಡ್‌ಗೆ ನಾಲ್ಕು. ಕೆಲವೇ ದಿನಗಳಲ್ಲಿ ಕ್ಲೇ ಅವರಿಗೆ ವಿದೇಶಾಂಗ ಕಾರ್ಯದರ್ಶಿಯ ಹುದ್ದೆ ಸಿಕ್ಕಿತು. ‘ಭ್ರಷ್ಟ ಒಪ್ಪಂದ’ ಎಂಬ ಕೂಗು ಎದ್ದಿತು, ಮುಂದಿನ ನಾಲ್ಕು ವರ್ಷ ಅದು ತಣ್ಣಗಾಗಲಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಂವಿಧಾನದ ಒಂದಕ್ಷರವನ್ನೂ ಅಂದು ಯಾರೂ ಮೀರಲಿಲ್ಲ. ಆದರೂ ಆಡಮ್ಸ್ ಕೆಟ್ಟರು; ಕೆಟ್ಟದ್ದು ಒಪ್ಪಂದದಿಂದಲ್ಲ, ಪಕ್ಷವೆಂಬುದು ಹುಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಪಕ್ಷ ಕಟ್ಟಲು ಒಪ್ಪದೆ ಕುಳಿತದ್ದರಿಂದ. ಅವರ ಎದುರಾಳಿಗಳಾದರೋ ಆ ಒಂದು ಆರೋಪವನ್ನೇ ಅಡಿಗಲ್ಲಾಗಿಟ್ಟು ಅಮೆರಿಕದ ಮೊದಲ ಆಧುನಿಕ ಪಕ್ಷವನ್ನು ಕಟ್ಟಿದರು. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಬೇಕೆಂದು ಕೋರುತ್ತೇನೆ.

ಬೆಂಗಳೂರಿನ ಕಾನೂನು ವಿದ್ಯಾರ್ಥಿನಿ:

ಮೇಷ್ಟ್ರೇ, ನಿಮ್ಮ ಮಾತಿನ ಮೊದಲ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ಅದಕ್ಕೆ ಇನ್ನಷ್ಟು ಬಲ ಕೊಡಬಯಸುತ್ತೇನೆ.

‘ಜಾಕ್ಸನ್‌ಗೆ ಜನಾದೇಶವಿತ್ತು’ ಎನ್ನುವವರು ಆ ಜನಾದೇಶವನ್ನು ಅಳೆದದ್ದು ಯಾವ ಅಳತೆಗೋಲಿನಿಂದ ಎಂಬುದನ್ನು ಮೊದಲು ಕೇಳಬೇಕು. ಅವರಿಗೆ ಬಂದದ್ದು ಚಲಾಯಿತ ಜನಮತದ ಶೇಕಡಾ 41ರಷ್ಟು. ಆಡಮ್ಸ್‌ಗೆ ಶೇಕಡಾ 31ರಷ್ಟು. ಆದರೆ ಅಂದಿನ 24 ರಾಜ್ಯಗಳಲ್ಲಿ ಆರು ರಾಜ್ಯಗಳಲ್ಲಿ ಜನರು ಮತವನ್ನೇ ಹಾಕಲಿಲ್ಲ. ನ್ಯೂಯಾರ್ಕ್, ವರ್ಮಾಂಟ್, ಡೆಲಾವೇರ್, ಜಾರ್ಜಿಯಾ, ದಕ್ಷಿಣ ಕ್ಯಾರೊಲೈನಾ ಮತ್ತು ಲೂಸಿಯಾನಾಗಳಲ್ಲಿ ಮತದಾರ ಮಂಡಳಿಯ ಸದಸ್ಯರನ್ನು ರಾಜ್ಯ ಶಾಸನಸಭೆಗಳೇ ಆರಿಸಿದವು. ಇವುಗಳಲ್ಲಿ ನ್ಯೂಯಾರ್ಕ್ ಒಂದೇ 36 ಮತಗಳ ರಾಜ್ಯ, ದೇಶದಲ್ಲೇ ದೊಡ್ಡದು. ಅಲ್ಲಿ ಜನರು ಮತ ಹಾಕಿದ್ದರೆ ಒಟ್ಟು ಲೆಕ್ಕ ಎತ್ತ ವಾಲುತ್ತಿತ್ತೋ ಯಾರೂ ಹೇಳಲಾರರು. ಅರ್ಧಂಬರ್ಧ ಎಣಿಕೆಯನ್ನು ಮುಂದಿಟ್ಟುಕೊಂಡು ಜನರ ಇಚ್ಛೆಯನ್ನು ಕಸಿದುಕೊಂಡರು ಎನ್ನುವುದು ನ್ಯಾಯವಾದ ವಾದವಲ್ಲ.

ಇನ್ನು ಕ್ಲೇ ಬೇರೆ ಯಾರನ್ನು ಬೆಂಬಲಿಸಲು ಸಾಧ್ಯವಿತ್ತು? ಕ್ರಾಫರ್ಡ್ 1823ರಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು, ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಜಾಕ್ಸನ್ ಅಪ್ಪಣೆಯಿಲ್ಲದೆ ಫ್ಲಾರಿಡಾಕ್ಕೆ ಸೈನ್ಯ ನುಗ್ಗಿಸಿದ್ದನ್ನು ಕ್ಲೇ 1819ರಲ್ಲೇ ಸಭೆಯಲ್ಲಿ ಉಗ್ರವಾಗಿ ಖಂಡಿಸಿದ್ದರು. ಯುದ್ಧದಲ್ಲಿ ಶತ್ರುಗಳನ್ನು ಕೊಂದ ಮಾತ್ರಕ್ಕೆ ಒಬ್ಬ ಸೇನಾನಿ ದೇಶ ಆಳಲು ಯೋಗ್ಯನಾಗುತ್ತಾನೆಯೇ ಎಂಬ ಪ್ರಶ್ನೆ ಅವರನ್ನು ನಿಜವಾಗಿಯೇ ಕಾಡುತ್ತಿತ್ತು. ಸುಂಕ, ರಾಷ್ಟ್ರೀಯ ಬ್ಯಾಂಕು, ರಸ್ತೆ, ಕಾಲುವೆ ಇವೆಲ್ಲದರಲ್ಲೂ ಕ್ಲೇ ಮತ್ತು ಆಡಮ್ಸ್ ಒಂದೇ ದಾರಿಯವರು. ಬಹುಮತ ಬಾರದಿದ್ದಾಗ ಒಂದೇ ಧೋರಣೆಯ ಇಬ್ಬರು ಕೈಜೋಡಿಸುವುದನ್ನು ನಾವು ಮೈತ್ರಿ ಎನ್ನುತ್ತೇವೆ. ಅದನ್ನೇ ಅಂದಿನವರು ಭ್ರಷ್ಟತೆ ಎಂದರು.

ಮೇರಿಲ್ಯಾಂಡ್‌ನಿಂದ ಒಬ್ಬ ಕನ್ನಡಿಗ:

ಮೇಡಂ, ನಿಮ್ಮ ಲೆಕ್ಕ ಸರಿಯಿದೆ. ಆದರೆ ನೀವು ಕೆಂಟಕಿಯ ಹೆಸರನ್ನು ಎತ್ತಲೇ ಇಲ್ಲ, ಇಡೀ ಜಗಳ ಇರುವುದೇ ಅಲ್ಲಿ.

ನಾನಿರುವ ಊರಿನಿಂದ ವಾಷಿಂಗ್ಟನ್ ಹತ್ತಿರ. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಕ್ಯಾಪಿಟಲ್ ಕಟ್ಟಡಕ್ಕೆ ಹೋದಾಗಲೆಲ್ಲ ಹಳೆಯ ಪ್ರತಿನಿಧಿ ಸಭಾಂಗಣದಲ್ಲಿ ನಾನು ಸ್ವಲ್ಪ ಹೊತ್ತು ಹಿಂದುಳಿಯುತ್ತೇನೆ. ಅದು ಈಗ ಸಭೆ ಸೇರುವ ಜಾಗವಾಗಿ ಉಳಿದಿಲ್ಲ, ರಾಜ್ಯಗಳು ಕಳಿಸಿಕೊಟ್ಟ ಪ್ರತಿಮೆಗಳನ್ನು ನಿಲ್ಲಿಸಿದ ಅರ್ಧವೃತ್ತಾಕಾರದ ಹಜಾರ. ಕಪ್ಪು ಬಿಳುಪು ಕಲ್ಲಿನ ನೆಲ, ಮೇಲೆ ಬಾಗಿದ ಚಾವಣಿ. ಒಂದು ಮೂಲೆಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ಮೂಲೆಗೆ ಕೇಳಿಸುತ್ತದೆ ಎಂದು ಮಾರ್ಗದರ್ಶಿಗಳು ಮಾತಾಡಿ ತೋರಿಸುತ್ತಾರೆ. 1825ರ ಫೆಬ್ರವರಿ 9ರ ಮತದಾನ ನಡೆದದ್ದು ಅಲ್ಲೇ. 24 ರಾಜ್ಯಗಳ ಗುಂಪುಗಳು ತಮ್ಮ ತಮ್ಮಲ್ಲೇ ಮತ ಎಣಿಸಿಕೊಂಡು ಒಂದೊಂದು ಹೆಸರನ್ನು ಒಪ್ಪಿಸಿದ ಆ ನೆಲದ ಮೇಲೆ ನಿಂತಾಗ, ಅಲ್ಲಿ ನಿಜವಾಗಿ ಎಷ್ಟು ಕಡಮೆ ಮಂದಿಯ ಕೈಯಲ್ಲಿ ಎಷ್ಟು ದೊಡ್ಡ ಅಧಿಕಾರವಿತ್ತು ಎಂಬುದು ಮನಸ್ಸಿಗೆ ನಾಟುತ್ತದೆ.

ಕೆಂಟಕಿಯ ವಿಷಯಕ್ಕೆ ಬರುತ್ತೇನೆ. ಅದು ಕ್ಲೇ ಅವರ ತವರು ರಾಜ್ಯ. ಜನರು ಅವರನ್ನೇ ಗೆಲ್ಲಿಸಿದರು. ಎರಡನೆಯ ಸ್ಥಾನದಲ್ಲಿದ್ದವರು ಜಾಕ್ಸನ್. ಆಡಮ್ಸ್‌ಗೆ ಅಲ್ಲಿ ಒಂದು ಜನಮತವೂ ದಾಖಲಾಗಲಿಲ್ಲ. ಕ್ಲೇ ಸ್ಪರ್ಧೆಯಲ್ಲಿಲ್ಲದ ಮೇಲೆ ಜಾಕ್ಸನ್‌ಗೆ ಮತ ಹಾಕಿರಿ ಎಂದು ಕೆಂಟಕಿಯ ಶಾಸನಸಭೆ ತನ್ನ ಪ್ರತಿನಿಧಿಗಳಿಗೆ ನಿರ್ಣಯದ ಮೂಲಕ ಸೂಚಿಸಿತು. ಆ ಪ್ರತಿನಿಧಿಗಳು ಮಾಡಿದ್ದೇನು? ಎಂಟು ಮಂದಿ ಆಡಮ್ಸ್ ಪರ, ನಾಲ್ವರು ಜಾಕ್ಸನ್ ಪರ ನಿಂತು ರಾಜ್ಯದ ಒಂದು ಮತವನ್ನು ಆಡಮ್ಸ್ ಬುಟ್ಟಿಗೆ ಹಾಕಿದರು. ಕ್ಲೇ ಗೆದ್ದಿದ್ದ ಉಳಿದೆರಡು ರಾಜ್ಯಗಳಾದ ಒಹಾಯೊ ಮತ್ತು ಮಿಸೌರಿಗಳೂ ಅದೇ ಕಡೆಗೆ ಹೊರಳಿದವು. ಮಿಸೌರಿಗೆ ಇದ್ದದ್ದು ಒಬ್ಬನೇ ಪ್ರತಿನಿಧಿ, ಜಾನ್ ಸ್ಕಾಟ್. ಇಲಿನಾಯ್‌ಗೂ ಒಬ್ಬನೇ, ಡೇನಿಯಲ್ ಕುಕ್. ಇವರಿಬ್ಬರ ಎರಡು ಮತಗಳು ಸಭೆಯಲ್ಲಿ ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾಗಳ ಎರಡು ಮತಗಳಷ್ಟೇ ತೂಗಿದವು.

ಇನ್ನು ನ್ಯೂಯಾರ್ಕಿನ ಗುಂಪಂತೂ ಸರಿಸಮನಾಗಿ ಸೀಳಿಹೋಗುವ ಸ್ಥಿತಿಯಲ್ಲಿತ್ತು. ಕೊನೆಗೆ ಆಡಮ್ಸ್ ಪರ ತಕ್ಕಡಿ ವಾಲಿಸಿದವರು ಸ್ಟೀಫನ್ ವ್ಯಾನ್ ರೆನ್ಸೆಲೇರ್ ಎಂಬ ಹಿರಿಯ ಜಮೀನ್ದಾರರು. ಅವರು ಕಣ್ಣು ಮುಚ್ಚಿ ದೇವರನ್ನು ಪ್ರಾರ್ಥಿಸಿ, ಕಣ್ಣು ತೆರೆದಾಗ ಕಾಲ ಬಳಿ ಆಡಮ್ಸ್ ಹೆಸರಿನ ಚೀಟಿ ಬಿದ್ದಿರುವುದನ್ನು ಕಂಡು ಅದನ್ನೇ ದೈವಾಜ್ಞೆಯೆಂದು ಡಬ್ಬಿಗೆ ಹಾಕಿದರೆಂಬ ಕಥೆಯಿದೆ. ಅದನ್ನು ಬರೆದಿಟ್ಟವರು ಮಾರ್ಟಿನ್ ವ್ಯಾನ್ ಬ್ಯೂರೆನ್. ಅವರು ಆಡಮ್ಸ್ ವಿರೋಧಿ ಬಣದವರಾದ್ದರಿಂದ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಆದರೆ ಕೆಂಟಕಿಯ ಎಂಟು ಮಂದಿಯ ವಿಷಯ ಕಥೆಯಲ್ಲ. ಮತ ಕೊಟ್ಟವರು ಹೇಳಿದ್ದನ್ನು ಪ್ರತಿನಿಧಿಯಾದವನು ಕೇಳಬೇಕೇ ಬೇಡವೇ ಎಂಬ ಪ್ರಶ್ನೆಗೆ ‘ತಿದ್ದುಪಡಿಯಲ್ಲಿ ಹಾಗೆ ಬರೆದಿಲ್ಲ’ ಎನ್ನುವುದು ಉತ್ತರವಾಗುವುದಿಲ್ಲ.

ಹೊಸ ಓದುಗ, ಹಾಸನ:

ಎಲ್ಲರ ಬರಹ ಓದಿ ಬಹಳ ತಿಳಿದುಕೊಂಡೆ, ಧನ್ಯವಾದಗಳು. ಒಂದು ಸಂದೇಹವಿದೆ. ನಾಲ್ವರೂ ಒಂದೇ ಪಕ್ಷದವರು ಎಂದು ಓದಿದ್ದೇನೆ. ಒಂದೇ ಪಕ್ಷದವರಾದರೆ ಪಕ್ಷವೇ ಒಬ್ಬರನ್ನು ಆರಿಸಿ ನಿಲ್ಲಿಸಬಹುದಿತ್ತಲ್ಲವೇ? ನಾಲ್ವರು ಪರಸ್ಪರ ಹೊಡೆದಾಡುವ ಸ್ಥಿತಿ ಹೇಗೆ ಬಂತು?

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಬಹಳ ಮುಖ್ಯವಾದ ಪ್ರಶ್ನೆ. ನಾನೇ ಮೊದಲು ಹೇಳಬೇಕಿತ್ತು.

ಜೆಫರ್ಸನ್ ಕಾಲದಿಂದ ಆಳುತ್ತ ಬಂದ ರಿಪಬ್ಲಿಕನ್ ಪಕ್ಷದ (ಇಂದಿನ ರಿಪಬ್ಲಿಕನ್ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ) ಎದುರು ಇದ್ದದ್ದು ಫೆಡರಲಿಸ್ಟ್ ಪಕ್ಷ. 1816ರ ಬಳಿಕ ಅದು ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನೇ ನಿಲ್ಲಿಸಲಾರದಷ್ಟು ಸೊರಗಿತು. 1820ರಲ್ಲಿ ಜೇಮ್ಸ್ ಮನ್ರೋ ಎದುರಾಳಿಯಿಲ್ಲದೆ ನಿಂತು, ಒಂದು ಮತವನ್ನುಳಿದು ಮತದಾರ ಮಂಡಳಿಯ ಎಲ್ಲ ಮತಗಳನ್ನೂ ಪಡೆದರು. ಹೊರಗಿನ ಶತ್ರು ಇಲ್ಲದ ಮನೆಯಲ್ಲಿ ಅಣ್ಣತಮ್ಮಂದಿರೇ ಪಾಲಿಗೆ ಇಳಿಯುತ್ತಾರಲ್ಲ, ಹಾಗಾಯಿತು.

ಅಲ್ಲಿಯವರೆಗೆ ಅಭ್ಯರ್ಥಿಯನ್ನು ಆರಿಸುತ್ತಿದ್ದದ್ದು ಕಾಂಗ್ರೆಸ್ಸಿನಲ್ಲಿದ್ದ ಪಕ್ಷದ ಸದಸ್ಯರ ಖಾಸಗಿ ಸಭೆ. ಅದಕ್ಕೆ ಕಾಕಸ್ ಎಂದು ಹೆಸರು. ಪಕ್ಷ ಬಲವಾಗಿದ್ದಾಗ ಕಾಕಸ್ ಒಪ್ಪಿದವನೇ ಅಧ್ಯಕ್ಷ. 1824ರ ಹೊತ್ತಿಗೆ, ವಾಷಿಂಗ್ಟನ್‌ನಲ್ಲಿ ಬಾಗಿಲು ಹಾಕಿಕೊಂಡು ಕೆಲವರು ದೇಶದ ಭವಿಷ್ಯ ತೀರ್ಮಾನಿಸುವುದೇ ಎಂಬ ಅಸಹನೆ ರಾಜ್ಯಗಳಲ್ಲಿ ಬೆಳೆದಿತ್ತು. ಆ ವರ್ಷದ ಫೆಬ್ರವರಿ 14ರಂದು ಕರೆದ ಕಾಕಸ್‌ಗೆ ಬಂದವರು 66 ಮಂದಿ ಮಾತ್ರ. ಮುಕ್ಕಾಲು ಪಾಲು ಸದಸ್ಯರು ಅತ್ತ ಸುಳಿಯಲೇ ಇಲ್ಲ. ಅಲ್ಲಿ ಕ್ರಾಫರ್ಡ್ ಆಯ್ಕೆಯಾದದ್ದು ಅವರಿಗೆ ವರವಾಗುವ ಬದಲು ಶಾಪವಾಯಿತು. ಉಳಿದವರನ್ನು ಅವರವರ ರಾಜ್ಯಗಳ ಶಾಸನಸಭೆಗಳೂ ಸಾರ್ವಜನಿಕ ಸಭೆಗಳೂ ಹೆಸರಿಸಿದವು. ಹಳೆಯ ಯಂತ್ರ ಕೆಟ್ಟಿತ್ತು, ಹೊಸದು ಇನ್ನೂ ತಯಾರಾಗಿರಲಿಲ್ಲ. ಆ ನಡುವಿನ ಸಂದಿಯಲ್ಲಿ ಬಿದ್ದ ಚುನಾವಣೆ ಇದು.

ಇಲ್ಲಿ ಇನ್ನೊಂದು ಸಂಗತಿಯಿದೆ. ಜೆಫರ್ಸನ್, ಮ್ಯಾಡಿಸನ್, ಮನ್ರೋ ಮೂವರೂ ಅಧ್ಯಕ್ಷರಾಗುವ ಮೊದಲು ವಿದೇಶಾಂಗ ಕಾರ್ಯದರ್ಶಿಗಳಾಗಿದ್ದವರು, ಆಡಮ್ಸ್ ಕೂಡ. ಆ ಹುದ್ದೆ ಪಟ್ಟಕ್ಕೇರುವ ಮೆಟ್ಟಿಲೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕ್ಲೇ ಅವರಿಗೆ ಅದೇ ಹುದ್ದೆಯನ್ನು ಕೊಟ್ಟಾಗ ಜನರಿಗೆ ಕಂಡದ್ದು ಬರಿಯ ಮಂತ್ರಿ ಪದವಿಯಲ್ಲ, ಮುಂದಿನ ಅಧ್ಯಕ್ಷನ ನೇಮಕ. ಬೇರೆ ಯಾವುದಾದರೂ ಹುದ್ದೆ ಕೊಟ್ಟಿದ್ದರೆ, ಅಥವಾ ಕ್ಲೇ ಒಂದು ವರ್ಷ ತಾಳಿದ್ದರೆ, ಕೂಗು ಇಷ್ಟು ಜೋರಾಗುತ್ತಿರಲಿಲ್ಲ. ಇಷ್ಟರ ಮಟ್ಟಿಗೆ ಆಡಮ್ಸ್ ಮತ್ತು ಕ್ಲೇ ಇಬ್ಬರದೂ ತಪ್ಪೆಂದು ನಾನು ಒಪ್ಪುತ್ತೇನೆ. ಹುದ್ದೆ ಸಿಕ್ಕ ಸುದ್ದಿ ತಿಳಿದು ಜಾಕ್ಸನ್ ತಮ್ಮ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಕ್ಲೇ ಅವರನ್ನು ಪಶ್ಚಿಮದ ಜೂದಾಸ್ ಎಂದು ಕರೆದು, ಅವನಿಗೆ ಮೂವತ್ತು ಬೆಳ್ಳಿ ನಾಣ್ಯ ಸಲ್ಲುತ್ತದೆ ಎಂದರು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರನ್ನು ಬೈಬಲ್ ಓದುವ ಸಮಾಜದಲ್ಲಿ ಒಬ್ಬನ ಹಣೆಗೆ ಅಂಟಿಸಿದರೆ ಅದು ಅಳಿಸಿಹೋಗುವುದುಂಟೇ?

ಬೆಂಗಳೂರಿನ ಕಾನೂನು ವಿದ್ಯಾರ್ಥಿನಿ:

ಮೇರಿಲ್ಯಾಂಡ್‌ನ ಮಿತ್ರರಿಗೆ ಉತ್ತರ ಕೊಡಲೇಬೇಕು. ಕೆಂಟಕಿಯ ಶಾಸನಸಭೆಯ ನಿರ್ಣಯಕ್ಕೆ ಕಾನೂನಿನ ಬಲವಿರಲಿಲ್ಲ. ಪ್ರತಿನಿಧಿ ಸಭೆಯ ಸದಸ್ಯರನ್ನು ಆರಿಸುವವರು ಕ್ಷೇತ್ರದ ಜನರು, ರಾಜ್ಯದ ಶಾಸಕರಲ್ಲ. ಹಾಗಾಗಿ ಶಾಸಕರ ಸೂಚನೆ ಒಂದು ಸಲಹೆಯಷ್ಟೇ. ಇದು ನಿಮಗೆ ಸಮಾಧಾನ ಕೊಡದೆಂದು ಗೊತ್ತು. ಆದರೂ ಇನ್ನೊಂದು ಸಂಗತಿಯನ್ನು ಪರಿಗಣಿಸಿರಿ.

ಒಪ್ಪಂದದ ಆರೋಪಕ್ಕೆ ಸಾಕ್ಷ್ಯವೇನಿತ್ತು? ಜನವರಿ ಕೊನೆಯಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಸಹಿಯಿಲ್ಲದ ಪತ್ರ ಪ್ರಕಟವಾಯಿತು. ಕ್ಲೇ ಕೆರಳಿ ಸವಾಲು ಹಾಕಿದಾಗ ಪೆನ್ಸಿಲ್ವೇನಿಯಾದ ಸದಸ್ಯ ಜಾರ್ಜ್ ಕ್ರೀಮರ್ ಅದು ತನ್ನದೆಂದು ಒಪ್ಪಿಕೊಂಡರು. ಸದನವೇ ತನಿಖೆ ನಡೆಸಲಿ ಎಂದು ಕ್ಲೇ ಒತ್ತಾಯಿಸಿದರು, ಸಮಿತಿಯೂ ರಚನೆಯಾಯಿತು; ಕ್ರೀಮರ್ ಅದರ ಮುಂದೆ ಹೇಳಿಕೆ ಕೊಡಲು ಒಪ್ಪಲಿಲ್ಲ. ಎರಡು ವರ್ಷ ಕಳೆದ ಮೇಲೆ, 1827ರಲ್ಲಿ, ಕ್ಲೇ ಕಡೆಯಿಂದ ಬೆಲೆ ಕೇಳಲು ತನ್ನ ಬಳಿಗೂ ಒಬ್ಬ ಸದಸ್ಯ ಬಂದಿದ್ದನೆಂದು ಜಾಕ್ಸನ್ ಬಹಿರಂಗವಾಗಿ ಹೇಳಿ, ಜೇಮ್ಸ್ ಬ್ಯುಕ್ಯಾನನ್ ಹೆಸರನ್ನು ಹೊರಗೆಡವಿದರು. ಬ್ಯುಕ್ಯಾನನ್ ಜಾಕ್ಸನ್ ಬೆಂಬಲಿಗರೇ. ಆದರೂ ಕ್ಲೇ ತನ್ನನ್ನು ಕಳಿಸಿರಲಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ತನ್ನ ಸಾಕ್ಷಿಯೇ ಕೈಕೊಟ್ಟ ಮೇಲೂ ಜಾಕ್ಸನ್ ಆರೋಪವನ್ನು ಬಿಡಲಿಲ್ಲ.

ಇನ್ನು ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರವನ್ನು ನೋಡಿರಿ. 1825ರ ಅಕ್ಟೋಬರ್‌ನಲ್ಲಿ ಸೆನೆಟ್ ಸ್ಥಾನಕ್ಕೆ ರಾಜೀನಾಮೆ ಕೊಡುವಾಗ, ಕಾಂಗ್ರೆಸ್ಸಿನ ಸದಸ್ಯನಾಗಿರುವವನಿಗೆ ಅವನ ಅವಧಿಯಲ್ಲೂ ಅದಾದ ಎರಡು ವರ್ಷವೂ ಸರ್ಕಾರಿ ಹುದ್ದೆ ಕೊಡಲೇಬಾರದು, ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು ಎಂದು ಜಾಕ್ಸನ್ ವಾದಿಸಿದರು. 1829ರಲ್ಲಿ ಅವರೇ ಸಂಪುಟ ರಚಿಸಿದಾಗ ಯುದ್ಧ ಖಾತೆಯ ಈಟನ್, ನೌಕಾ ಖಾತೆಯ ಬ್ರಾಂಚ್, ಅಟಾರ್ನಿ ಜನರಲ್ ಬೆರಿಯನ್ ಮೂವರೂ ಸೆನೆಟ್‌ನಿಂದ ನೇರವಾಗಿ ಬಂದವರು; ಖಜಾನೆಯ ಇಂಗಮ್ ಪ್ರತಿನಿಧಿ ಸಭೆಯಿಂದ ಬಂದವರು. ಕ್ಲೇ ಮಾಡಿದ್ದು ಪಾಪವಾದರೆ ಇದಕ್ಕೆ ಏನೆನ್ನಬೇಕು?

ಧಾರವಾಡದ ಸಂಶೋಧಕಿ:

ಇಲ್ಲಿಯವರೆಗಿನ ಚರ್ಚೆಯಲ್ಲಿ ‘ಜನ’ ಎಂಬ ಪದವನ್ನು ಎಲ್ಲರೂ ಬಳಸಿದ್ದೀರಿ. ಆ ಪದದೊಳಗೆ ಯಾರಿದ್ದರು ಎಂಬುದನ್ನು ಹೇಳದೆ ಮುಂದುವರಿಯುವುದು ನನಗೆ ಸರಿಯೆನಿಸುವುದಿಲ್ಲ.

1820ರ ದಶಕದಲ್ಲಿ ಮತದಾನಕ್ಕೆ ಆಸ್ತಿಯ ಷರತ್ತುಗಳು ಒಂದೊಂದಾಗಿ ಕಳಚಿಬಿದ್ದವು ನಿಜ. ಕಳಚಿದ್ದು ಬಿಳಿಯ ಗಂಡಸರಿಗೆ. ನ್ಯೂಯಾರ್ಕ್ 1821ರ ತನ್ನ ಸಂವಿಧಾನದಲ್ಲಿ ಬಿಳಿಯರ ಆಸ್ತಿ ಷರತ್ತನ್ನು ಸಡಿಲಿಸಿದಾಗಲೇ ಸ್ವತಂತ್ರ ಕಪ್ಪು ಗಂಡಸರ ಮೇಲೆ 250 ಡಾಲರ್ ಆಸ್ತಿಯ ಷರತ್ತನ್ನು ಹೇರಿತು. ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಅವಿವಾಹಿತ ಸ್ತ್ರೀಯರೂ ವಿಧವೆಯರೂ ಮತ ಹಾಕುತ್ತಿದ್ದರು. 1807ರಲ್ಲಿ ಅದನ್ನು ಕಿತ್ತುಕೊಂಡರು. ದಕ್ಷಿಣದ ರಾಜ್ಯಗಳಿಗೆ ಮತದಾರ ಮಂಡಳಿಯಲ್ಲಿ ಇದ್ದ ತೂಕಕ್ಕೆ ಅಲ್ಲಿನ ಗುಲಾಮರ ಐದರಲ್ಲಿ ಮೂರು ಪಾಲನ್ನು ಜನಸಂಖ್ಯೆಯಲ್ಲಿ ಸೇರಿಸಿ ಎಣಿಸಿದ್ದೂ ಒಂದು ಕಾರಣ. ಅಂದರೆ ಯಾರಿಗೆ ಮತವೇ ಇರಲಿಲ್ಲವೋ ಅವರ ತಲೆಗಳನ್ನು ಎಣಿಸಿ ಅವರ ಒಡೆಯರ ಮತಕ್ಕೆ ಭಾರ ಕೊಟ್ಟಿದ್ದರು. ಜಾಕ್ಸನ್ ಪಡೆದ 99ರಲ್ಲಿ ಈ ಭಾರವೂ ಸೇರಿದೆ. ಅವರು ಸ್ವತಃ ಹತ್ತಿ ತೋಟದ ಒಡೆಯರು, ಗುಲಾಮರನ್ನು ಇಟ್ಟುಕೊಂಡಿದ್ದವರು. ಅಧ್ಯಕ್ಷರಾದ ಮರುವರ್ಷವೇ, 1830ರಲ್ಲಿ, ಮೂಲನಿವಾಸಿಗಳನ್ನು ಅವರ ನೆಲದಿಂದ ಮಿಸಿಸಿಪಿಯ ಆಚೆಗೆ ಸಾಗಿಸುವ ಕಾಯಿದೆಗೆ ಸಹಿ ಹಾಕಿದರು.

ಜಾಕ್ಸನ್‌ಗೆ ಮೋಸವಾಯಿತೇ ಎಂದು ಕೇಳುವಾಗ, ಆ ಮೋಸದ ಲೆಕ್ಕದಲ್ಲಿ ಮೊದಲೇ ಹೊರಗಿಟ್ಟವರನ್ನೂ ನೆನೆಯಬೇಕು ಎನ್ನುವುದಷ್ಟೇ ನನ್ನ ವಿನಂತಿ.

ಮೇರಿಲ್ಯಾಂಡ್‌ನಿಂದ ಒಬ್ಬ ಕನ್ನಡಿಗ:

ನಿಮ್ಮ ಮಾತನ್ನು ತಲೆಬಾಗಿ ಒಪ್ಪುತ್ತೇನೆ, ಮೇಡಂ. ಕೆಂಟಕಿಯ ಮತದಾರರ ಪರವಾಗಿ ನಾನು ಆಡಿದ ಮಾತು ಜಾಕ್ಸನ್ ಪರವಾದ ಮಾತಲ್ಲ ಎಂಬುದನ್ನು ಮಾತ್ರ ಸ್ಪಷ್ಟಪಡಿಸುತ್ತೇನೆ.

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ಸಂಶೋಧಕಿಯವರು ಎತ್ತಿದ್ದು ತೂಕದ ಮಾತು. ಪಾಠ ಮಾಡುವಾಗ ನಾನು ಅದನ್ನು ಸಾಕಷ್ಟು ಒತ್ತಿ ಹೇಳಲಿಲ್ಲವೆಂಬ ಅಳುಕು ನನಗಿದೆ. ಈಗ ನನ್ನ ವಾದದ ಎರಡನೆಯ ಅರ್ಧಕ್ಕೆ, ಅಂದರೆ ಪಕ್ಷ ಕಟ್ಟಿದ ಕಥೆಗೆ ಬರುತ್ತೇನೆ.

ಆಡಮ್ಸ್ ದೂರದೃಷ್ಟಿಯುಳ್ಳವರು, ಆದರೆ ತಮಗೆ ಬಂದ ಪದವಿ ಎಂಥ ತೆಳುವಾದ ಮಂಜುಗಡ್ಡೆಯ ಮೇಲೆ ನಿಂತಿದೆ ಎಂಬುದನ್ನು ನೋಡಲು ಒಲ್ಲದವರು. 1825ರ ಡಿಸೆಂಬರ್‌ನ ಮೊದಲ ವಾರ್ಷಿಕ ಸಂದೇಶದಲ್ಲಿ ರಸ್ತೆ, ಕಾಲುವೆ, ರಾಷ್ಟ್ರೀಯ ವಿಶ್ವವಿದ್ಯಾಲಯ, ಖಗೋಳ ವೀಕ್ಷಣಾಲಯಗಳೆಲ್ಲ ಬೇಕೆಂದರು. ವೀಕ್ಷಣಾಲಯಗಳನ್ನು ಆಕಾಶದ ದೀಪಸ್ತಂಭಗಳೆಂದು ಕರೆದರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮತದಾರರ ಇಚ್ಛೆ ನಮ್ಮ ಕೈಕಟ್ಟಿಹಾಕಿದೆಯೆಂದು ಜಗತ್ತಿನ ಮುಂದೆ ಒಪ್ಪಿಕೊಂಡು ಸುಮ್ಮನೆ ಕೂರಬೇಕೇ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಮೂರನೆಯ ಒಂದು ಪಾಲು ಜನಮತದಿಂದ ಪಟ್ಟಕ್ಕೆ ಬಂದವರು ಆಡುವ ಮಾತೇ ಇದು? ವಿರೋಧಿಗಳ ಪತ್ರಿಕೆಗಳು ಅದನ್ನು ನಾಲ್ಕು ವರ್ಷ ಬಿಡಲಿಲ್ಲ.

ಅದಕ್ಕಿಂತ ಸೋಜಿಗದ್ದು ಅಂಚೆ ಇಲಾಖೆಯ ವಿಷಯ. ಊರೂರಿನ ಅಂಚೆ ಅಧಿಕಾರಿಗಳ ನೇಮಕ ಪೋಸ್ಟ್‌ಮಾಸ್ಟರ್ ಜನರಲ್ ಕೈಯಲ್ಲಿತ್ತು, ಸುದ್ದಿಪತ್ರಿಕೆಗಳು ಓದುಗರನ್ನು ಮುಟ್ಟುತ್ತಿದ್ದದ್ದೂ ಅಂಚೆಯ ಮೂಲಕವೇ. ಆ ಹುದ್ದೆಯಲ್ಲಿದ್ದ ಜಾನ್ ಮೆಕ್‌ಲೀನ್ ಒಳಗೊಳಗೇ ಎದುರಾಳಿಗಳ ಪರ ಕೆಲಸ ಮಾಡುತ್ತಿದ್ದಾರೆಂದು ಕ್ಲೇ ಮತ್ತಿತರರು ಎಚ್ಚರಿಸಿದರು. ಇಲಾಖೆಯನ್ನು ಚೆನ್ನಾಗಿ ನಡೆಸುತ್ತಿರುವವರನ್ನು ರಾಜಕೀಯ ಕಾರಣಕ್ಕೆ ತೆಗೆಯುವುದಿಲ್ಲ ಎಂದು ಆಡಮ್ಸ್ ಪಟ್ಟು ಹಿಡಿದರು. 1829ರಲ್ಲಿ ಅದೇ ಮೆಕ್‌ಲೀನ್ ಅವರನ್ನು ಜಾಕ್ಸನ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನಾಗಿ ಮಾಡಿದರು. ಆಡಮ್ಸ್ ಅವರ ಈ ನಿಲುವನ್ನು ನಾನು ಗೌರವಿಸುತ್ತೇನೆ. ಅದರಿಂದಲೇ ಅವರು ಸೋತರೆಂದೂ ಹೇಳುತ್ತೇನೆ.

ಆ ಕಡೆ ನಡೆದದ್ದೇನು? ನ್ಯೂಯಾರ್ಕಿನ ಸೆನೆಟರ್ ವ್ಯಾನ್ ಬ್ಯೂರೆನ್ 1824ರಲ್ಲಿ ಕ್ರಾಫರ್ಡ್ ಪರ ದುಡಿದು ಸೋತವರು. ಆ ಸೋಲಿನಿಂದ ಅವರು ಕಲಿತದ್ದು ಇದು: ಪಕ್ಷವಿಲ್ಲದಿದ್ದರೆ ರಾಜಕೀಯ ವ್ಯಕ್ತಿಗಳ ಜಗಳವಾಗುತ್ತದೆ, ಆಮೇಲೆ ಉತ್ತರ ಮತ್ತು ದಕ್ಷಿಣಗಳ ಜಗಳವಾಗುತ್ತದೆ. 1827ರ ಜನವರಿಯಲ್ಲಿ ವರ್ಜೀನಿಯಾದ ಪತ್ರಿಕಾ ಸಂಪಾದಕ ಥಾಮಸ್ ರಿಚಿ ಅವರಿಗೆ ಬರೆದ ಪತ್ರದಲ್ಲಿ ಅವರು ದಕ್ಷಿಣದ ತೋಟಗಾರರನ್ನೂ ಉತ್ತರದ ಸಾಮಾನ್ಯ ರಿಪಬ್ಲಿಕನ್ನರನ್ನೂ ಮತ್ತೆ ಒಂದುಗೂಡಿಸುವ ಯೋಜನೆಯನ್ನು ವಿವರಿಸಿದರು. ಸಂಶೋಧಕಿಯವರು ಗಮನಿಸಬೇಕಾದದ್ದು ಇಲ್ಲಿದೆ: ಆ ಒಗ್ಗಟ್ಟಿನ ಒಂದು ಉದ್ದೇಶ ಗುಲಾಮಗಿರಿಯ ಪ್ರಶ್ನೆ ರಾಷ್ಟ್ರ ರಾಜಕೀಯದಲ್ಲಿ ತಲೆಯೆತ್ತದಂತೆ ನೋಡಿಕೊಳ್ಳುವುದೇ ಆಗಿತ್ತು. ಆಡಮ್ಸ್ ಅವರ ಉಪಾಧ್ಯಕ್ಷರಾಗಿದ್ದ ಕ್ಯಾಲ್ಹೂನ್ ಕೂಡ ಜಾಕ್ಸನ್ ಪಾಳಯಕ್ಕೆ ಸೇರಿದರು. ವಾಷಿಂಗ್ಟನ್‌ನಲ್ಲಿ ಡಫ್ ಗ್ರೀನ್ ಅವರ ಪತ್ರಿಕೆ ‘ಭ್ರಷ್ಟ ಒಪ್ಪಂದ’ವನ್ನು ಬಿಡದೆ ಜಪಿಸಿತು, ಊರೂರಿನಲ್ಲಿ ಸಮಿತಿಗಳು, ಔತಣಕೂಟಗಳು, ಮೆರವಣಿಗೆಗಳು ನಡೆದವು. ಹಿಕರಿ ಎಂಬ ಗಟ್ಟಿ ಮರದ ಹೆಸರು ಜಾಕ್ಸನ್‌ಗೆ ಸೈನಿಕರು ಇಟ್ಟ ಅಡ್ಡಹೆಸರಾಗಿತ್ತು. ಊರ ಚೌಕಗಳಲ್ಲಿ ಹಿಕರಿ ಕಂಬಗಳನ್ನು ನೆಟ್ಟರು. 1827ರಲ್ಲಿ ಸೇರಿದ ಹೊಸ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಅಧ್ಯಕ್ಷರ ವಿರೋಧಿಗಳದೇ ಬಹುಮತ. ಅಲ್ಲಿಯವರೆಗೆ ಯಾವ ಅಧ್ಯಕ್ಷರಿಗೂ ಹಾಗೆ ಆಗಿರಲಿಲ್ಲ.

ನ್ಯಾಶ್‌ವಿಲ್‌ನಲ್ಲಿ ನೆಲೆಸಿರುವ ಕನ್ನಡತಿ:

ನಮಸ್ಕಾರ. 1828ರ ಪ್ರಚಾರದ ಇನ್ನೊಂದು ಮುಖವನ್ನು ಇಲ್ಲಿ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಜಾಕ್ಸನ್ ಅವರ ಹರ್ಮಿಟೇಜ್ ತೋಟದ ಮನೆ ನಮ್ಮ ಊರಿನ ಹೊರವಲಯದಲ್ಲಿದೆ. ಮನೆಯ ಪಕ್ಕದ ಹೂದೋಟದ ಮೂಲೆಯಲ್ಲಿ, ಕಂಬಗಳ ಮೇಲೆ ಗುಮ್ಮಟವಿರುವ ಪುಟ್ಟ ಕಲ್ಲುಮಂಟಪದ ಕೆಳಗೆ ಗಂಡಹೆಂಡಿರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ಜಾಕ್ಸನ್ ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ ಬಿಟ್ಟರೆ ಹೆಚ್ಚೇನೂ ಇಲ್ಲ. ರೇಚಲ್ ಅವರ ಕಲ್ಲಿನ ತುಂಬ ಬರಹವಿದೆ. ಇಷ್ಟು ಸೌಮ್ಯಳೂ ಸುಶೀಲಳೂ ಆದವಳನ್ನು ಅಪವಾದವು ಗಾಯಗೊಳಿಸಬಹುದೇ ಹೊರತು ಅವಳ ಮಾನವನ್ನು ಕಳೆಯಲಾರದು ಎಂಬ ಭಾವದ ಸಾಲು ಅದರಲ್ಲಿದೆ. ಮೊದಲ ಸಲ ಅದನ್ನು ಓದಿದಾಗ ನಾನು ಅಲ್ಲೇ ಬಹಳ ಹೊತ್ತು ನಿಂತಿದ್ದೆ.

ರೇಚಲ್ ಮೊದಲ ಗಂಡನಿಂದ ನೊಂದು ದೂರವಾದವರು. ವಿಚ್ಛೇದನ ಆಗಿದೆಯೆಂದು ನಂಬಿ 1791ರಲ್ಲಿ ಜಾಕ್ಸನ್ ಅವರನ್ನು ಮದುವೆಯಾದರೆಂದು ಜಾಕ್ಸನ್ ಕಡೆಯವರು ಹೇಳುತ್ತಿದ್ದರು. ವಿಚ್ಛೇದನ ನಿಜವಾಗಿ ಮುಗಿದದ್ದು 1793ರಲ್ಲಿ, ಆ ಬಳಿಕ 1794ರ ಜನವರಿಯಲ್ಲಿ ಮತ್ತೆ ಮದುವೆಯಾದರು. ಮೂವತ್ತು ವರ್ಷಕ್ಕೂ ಹಿಂದಿನ ಈ ವಿಷಯವನ್ನು ಸಿನ್ಸಿನಾಟಿಯ ಸಂಪಾದಕ ಚಾರ್ಲ್ಸ್ ಹ್ಯಾಮಂಡ್ ಪತ್ರಿಕೆಗೆಳೆದು, ಅವರನ್ನು ವ್ಯಭಿಚಾರಿಣಿ ಎಂದು ಅಚ್ಚು ಹಾಕಿಸಿದರು. ಫಿಲಡೆಲ್ಫಿಯಾದ ಜಾನ್ ಬಿನ್ಸ್ ಕಪ್ಪು ಶವಪೆಟ್ಟಿಗೆಗಳ ಚಿತ್ರವಿರುವ ಕರಪತ್ರ ಹೊರಡಿಸಿ, ಯುದ್ಧಕಾಲದಲ್ಲಿ ಆರು ಮಂದಿ ಸೈನಿಕರ ಮರಣದಂಡನೆಗೆ ಜಾಕ್ಸನ್ ಒಪ್ಪಿಗೆ ಕೊಟ್ಟದ್ದನ್ನು ಸಾರಿದರು. ಜಾಕ್ಸನ್ ಪಕ್ಷದವರೂ ಕಡಮೆಯೇನಿರಲಿಲ್ಲ: ಆಡಮ್ಸ್ ರಷ್ಯದಲ್ಲಿ ರಾಯಭಾರಿಯಾಗಿದ್ದಾಗ ಝಾರ್ ದೊರೆಗೆ ಹುಡುಗಿಯನ್ನು ಒಪ್ಪಿಸಿದರೆಂಬ ಹಸಿ ಸುಳ್ಳನ್ನು ಹಬ್ಬಿಸಿದರು, ತಮ್ಮ ಹಣದಿಂದ ಕೊಂಡ ಬಿಲಿಯರ್ಡ್ಸ್ ಮೇಜನ್ನು ಸರ್ಕಾರದ ದುಡ್ಡಿನದೆಂದು ದೂರಿದರು.

ಗೆಲುವಿನ ಸುದ್ದಿ ಬಂದ ಮೇಲೆ, 1828ರ ಡಿಸೆಂಬರ್ 22ರಂದು ರೇಚಲ್ ತೀರಿಕೊಂಡರು. ಕ್ರಿಸ್‌ಮಸ್ ಮುನ್ನಾದಿನ ಆ ತೋಟದಲ್ಲೇ ಮಣ್ಣು ಮಾಡಿದರು. ಜಾಕ್ಸನ್ ತಮ್ಮ ಜೀವಮಾನವಿಡೀ ಆ ಸಾವಿಗೆ ಅಪವಾದ ಹಬ್ಬಿಸಿದವರನ್ನೇ ಹೊಣೆಯಾಗಿಸಿದರು. ಅದೇ ತೋಟದಲ್ಲಿ ಗುಲಾಮರು ವಾಸಿಸಿದ್ದ ಮರದ ಗುಡಿಸಲುಗಳನ್ನೂ ಉಳಿಸಿಕೊಂಡಿದ್ದಾರೆ. ಧಾರವಾಡದ ಅಕ್ಕನವರ ಮಾತನ್ನು ಓದುವಾಗ ಅವು ಕಣ್ಮುಂದೆ ಬಂದವು.

ಹೊಸ ಓದುಗ, ಹಾಸನ:

ಹಾಗಾದರೆ 1828ರಲ್ಲಿ ಎಷ್ಟು ಅಂತರದಿಂದ ಗೆದ್ದರು? ಮತ್ತು ಆಡಮ್ಸ್ ಕಡೆಯವರು ಒಂದು ಪಕ್ಷವಾಗಿ ಉಳಿದರೇ?

ಬೆಂಗಳೂರಿನ ಕಾನೂನು ವಿದ್ಯಾರ್ಥಿನಿ:

ಮತದಾರ ಮಂಡಳಿಯಲ್ಲಿ 178ಕ್ಕೆ 83. ಜನಮತದಲ್ಲಿ ಜಾಕ್ಸನ್‌ಗೆ ಶೇಕಡಾ 56ರಷ್ಟು. ಆ ಹೊತ್ತಿಗೆ ಡೆಲಾವೇರ್ ಮತ್ತು ದಕ್ಷಿಣ ಕ್ಯಾರೊಲೈನಾ ಬಿಟ್ಟು ಉಳಿದ 22 ರಾಜ್ಯಗಳಲ್ಲೂ ಜನರೇ ಮತ ಹಾಕಿದರು. ಚಲಾಯಿತ ಮತಗಳು 1824ರಲ್ಲಿ ನಾಲ್ಕು ಲಕ್ಷಕ್ಕೂ ಕಡಮೆಯಿದ್ದದ್ದು ಹನ್ನೊಂದು ಲಕ್ಷ ದಾಟಿದವು. ನಾನು ಹಿಂದೆ ಅರ್ಧಂಬರ್ಧ ಎಂದ ಎಣಿಕೆ ಈ ಸಲ ಬಹುಮಟ್ಟಿಗೆ ಪೂರ್ಣವಾಗಿತ್ತು, ಉತ್ತರವೂ ಸ್ಪಷ್ಟವಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆಡಮ್ಸ್ ಮತ್ತು ಕ್ಲೇ ಬಣ ರಾಷ್ಟ್ರೀಯ ರಿಪಬ್ಲಿಕನ್ನರೆಂದು ಕರೆಸಿಕೊಂಡು, 1830ರ ದಶಕದ ನಡುವಿನ ಹೊತ್ತಿಗೆ ಇತರ ಜಾಕ್ಸನ್ ವಿರೋಧಿಗಳೊಡನೆ ಸೇರಿ ವಿಗ್ ಪಕ್ಷವಾಯಿತು. ಜಾಕ್ಸನ್ ಬಣವೇ ಡೆಮಾಕ್ರಟಿಕ್ ಪಕ್ಷ. 1832ರ ಮೇ ತಿಂಗಳಲ್ಲಿ ಆ ಪಕ್ಷ ಬಾಲ್ಟಿಮೋರ್‌ನಲ್ಲಿ ರಾಷ್ಟ್ರೀಯ ಸಮಾವೇಶ ನಡೆಸಿತು. ಕಾಕಸ್ ಇದ್ದ ಜಾಗಕ್ಕೆ ರಾಜ್ಯ ರಾಜ್ಯಗಳಿಂದ ಬಂದ ಪ್ರತಿನಿಧಿಗಳ ಸಮಾವೇಶ ಬಂತು. ಮತದಾರ ಮಂಡಳಿಯನ್ನೇ ತೆಗೆದು ಜನರಿಂದ ನೇರ ಆಯ್ಕೆ ಆಗಲಿ ಎಂದು ಜಾಕ್ಸನ್ 1829ರ ತಮ್ಮ ಮೊದಲ ಸಂದೇಶದಲ್ಲಿ ಕೇಳಿಕೊಂಡಿದ್ದರು. ಅದು ನೆರವೇರಲಿಲ್ಲ. ಒಂದು ರಾಜ್ಯಕ್ಕೆ ಒಂದು ಮತ ಎಂಬ ಆ ವಿಧಿ ಇಂದಿಗೂ ಸಂವಿಧಾನದಲ್ಲಿ ಹಾಗೆಯೇ ಇದೆ.

ಮೇರಿಲ್ಯಾಂಡ್‌ನಿಂದ ಒಬ್ಬ ಕನ್ನಡಿಗ:

ಅಧ್ಯಾಪಕರಿಗೆ ನನ್ನ ಕೊನೆಯ ಪ್ರಶ್ನೆ. ಆಡಮ್ಸ್ ಸೋತದ್ದು ಪಕ್ಷ ಕಟ್ಟದೆ ಇದ್ದದ್ದರಿಂದ ಎಂದಿರಿ. ಒಪ್ಪಂದದ ಮೇಲಿನ ಸಿಟ್ಟಿಗೆ ಅದರಲ್ಲಿ ಪಾಲೇ ಇಲ್ಲವೇ? ಇಲಿನಾಯ್‌ನ ಡೇನಿಯಲ್ ಕುಕ್ 1826ರ ಚುನಾವಣೆಯಲ್ಲೇ ಸೋತು ಮನೆಗೆ ಹೋದರು. ಆ ಊರಿನಲ್ಲಿ ವ್ಯಾನ್ ಬ್ಯೂರೆನ್ ಅವರ ಪಕ್ಷ ಇನ್ನೂ ಬೇರು ಬಿಟ್ಟಿರಲಿಲ್ಲ.

ಶಿವಮೊಗ್ಗದ ನಿವೃತ್ತ ಅಧ್ಯಾಪಕ:

ನಿಮ್ಮ ಪ್ರಶ್ನೆ ಓದಿದ ಮೇಲೆ, 1825ರಲ್ಲಿ ಆಡಮ್ಸ್‌ಗೆ ಮತ ಕೊಟ್ಟ 13 ರಾಜ್ಯಗಳನ್ನು 1828ರ ಫಲಿತಾಂಶದ ಜೊತೆ ತಾಳೆ ಹಾಕಿ ನೋಡಿದೆ. ನ್ಯೂ ಇಂಗ್ಲೆಂಡಿನ ಆರು ರಾಜ್ಯಗಳು ಅವರ ಕೈಬಿಡಲಿಲ್ಲ; ಮೇನ್‌ನ ಒಂದು ಮತ ಮಾತ್ರ ಜಾರಿತು. ನ್ಯೂಯಾರ್ಕ್ 20ಕ್ಕೆ 16ರಂತೆ ಜಾಕ್ಸನ್ ಕಡೆಗೂ, ಮೇರಿಲ್ಯಾಂಡ್ 6ಕ್ಕೆ 5ರಂತೆ ಆಡಮ್ಸ್ ಕಡೆಗೂ ಹಂಚಿಹೋದವು. ಉಳಿದ ಐದು ರಾಜ್ಯಗಳಲ್ಲಿ, ಅಂದರೆ ಕ್ಲೇ ಗೆದ್ದಿದ್ದ ಕೆಂಟಕಿ, ಒಹಾಯೊ, ಮಿಸೌರಿಗಳಲ್ಲೂ ಕುಕ್ ಅವರ ಇಲಿನಾಯ್‌ನಲ್ಲೂ ಲೂಸಿಯಾನಾದಲ್ಲೂ ಆಡಮ್ಸ್‌ಗೆ ಒಂದು ಮತವೂ ಬರಲಿಲ್ಲ. ಐದರ ಎಲ್ಲ 41 ಮತಗಳೂ ಜಾಕ್ಸನ್‌ಗೆ ಹೋದವು.

ಇದನ್ನು ಕಂಡ ಮೇಲೆ ನನ್ನ ಮೊದಲ ಬರಹದ ‘ಕೆಟ್ಟದ್ದು ಒಪ್ಪಂದದಿಂದಲ್ಲ’ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಕೆಂಟಕಿಯ ಆ ಎಂಟು ಮಂದಿಯ ಮತಕ್ಕೆ ಕೆಂಟಕಿಯವರು ಕೊಟ್ಟ ಉತ್ತರ ಆ 41ರೊಳಗಿನ 14 ಮತಗಳಲ್ಲಿದೆ.